ತೊಂಬತ್ತೈದು

ಹುಲಿಕೆರೆಯಲ್ಲಿ ಅವನ ನಿಜವಾದ ಹೆಸರು ಹೇಳಿದರೆ ಅರ್ಧ ಊರಿಗೆ ಗೊತ್ತಾಗುವುದಿಲ್ಲ. ‘ತೊಂಬತ್ತೈದು’ ಅನ್ನಿ, ಕೊಳ ನೋಡಲು ಬಂದ ಪ್ರವಾಸಿಗರಿಗೂ ಮನೆ ತೋರಿಸುತ್ತಾರೆ. ಅದು ಎಸ್ಸೆಸ್ಸೆಲ್ಸಿಯಲ್ಲಿ ತೆಗೆದ ಅಂಕವಲ್ಲ. ಆ ಅಂಕವನ್ನು ಅವನಪ್ಪ ಇವತ್ತಿಗೂ ನೆಂಟರ ಮುಂದೆ ಬಾಯಿಬಿಟ್ಟಿಲ್ಲ. ತೊಂಬತ್ತೈದು ಅವನ ಕಾರು ಕುಡಿಯುವ ಪೆಟ್ರೋಲಿನ ಆಕ್ಟೇನ್.

ಇಂಥವರು ಈಗ ಊರಿಗೊಬ್ಬರಿದ್ದಾರೆ. ಕೆಲಸ ಬೆಂಗಳೂರಲ್ಲಿ, ಬಾಡಿಗೆ ಮನೆ ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಲ್ಲಿ, ಕಾರು ಮಾತ್ರ ಪೋಲೋ ಜಿಟಿ. 2013ರಲ್ಲಿ ಬಂದ ಆ 1.2 ಲೀಟರಿನ ಟರ್ಬೊ ಎಂಜಿನ್, 105 ಅಶ್ವಶಕ್ತಿ, ಏಳು ಗೇರು. ಇವನು ಅದಕ್ಕೆ ಮೂರನೇ ಯಜಮಾನ. ಮೊದಲಿಬ್ಬರು ಅದನ್ನು ಕಾರು ಅಂತಲೇ ಓಡಿಸಿದ್ದರು. 2022ರಲ್ಲಿ ಭಾರತದಲ್ಲಿ ಪೋಲೋ ತಯಾರಿಕೆ ನಿಂತ ಸುದ್ದಿ ಬಂದ ದಿನ ಇವನು ರಾತ್ರಿ ಊಟ ಬಿಟ್ಟನಂತೆ. ಇವರಲ್ಲಿ ಒಳಪಂಗಡಗಳೂ ಉಂಟು: ಬಲೆನೊ ಆರ್‌ಎಸ್‌ನವರು, ಐ20 ಎನ್ ಲೈನ್‌ನವರು, ಹೊಸದಾಗಿ ದೀಕ್ಷೆ ತಗೊಂಡ ಆಲ್ಟ್ರೋಜ್ ರೇಸರ್‌ನವರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುತ್ತಾರೆ, ಅಷ್ಟೇ. ಬೇರೆ ಸಂಬಂಧ ಬೆಳೆಸುವುದಿಲ್ಲ.

ಬಂಕಿನಲ್ಲಿ ಅವನನ್ನು ನೋಡಬೇಕು. ನಮ್ಮ ನಿಮ್ಮಂಥವರು ಗಾಜು ಇಳಿಸಿ ‘ಐನೂರಕ್ಕೆ’ ಅನ್ನುತ್ತೇವೆ, ಹುಡುಗ ‘ಜೀರೋ ನೋಡಿ ಸಾರ್’ ಅನ್ನುತ್ತಾನೆ, ನೋಡದೇ ತಲೆ ಆಡಿಸುತ್ತೇವೆ. ತೊಂಬತ್ತೈದು ಹಾಗಲ್ಲ. ಕೆಳಗಿಳಿಯುತ್ತಾನೆ. ಮುಚ್ಚಳ ತಾನೇ ತಿರುಗಿಸುತ್ತಾನೆ. ‘ಯಾವ್ದು ಹಾಕ್ಲಿ’ ಎಂದು ಹುಡುಗ ಕೇಳುವ ಮೊದಲೇ ‘ನಾರ್ಮಲ್ ಬೇಡ’ ಅನ್ನುತ್ತಾನೆ. ಆ ‘ನಾರ್ಮಲ್’ ಅನ್ನುವಾಗ ಅವನ ಮೂಗು ತುಸು ಮೇಲೇರುತ್ತದೆ. ಪಕ್ಕದಲ್ಲಿ ಐವತ್ತು ರೂಪಾಯಿಗೆ ಹಾಕಿಸುತ್ತಿದ್ದ ಮೊಪೆಡ್ಡಿನವನು ತಾನೇನೋ ತಪ್ಪು ಮಾಡಿದ ಹಾಗೆ ಗಾಡಿ ತಳ್ಳಿಕೊಂಡು ಹೋಗುತ್ತಾನೆ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಫುಲ್ ಟ್ಯಾಂಕಿಗೆ ಮುನ್ನೂರು ಚಿಲ್ಲರೆ. ಇದೇ ಮನುಷ್ಯ ಹಾಸನದ ಹೋಟೆಲಿನಲ್ಲಿ ಎಕ್ಸ್‌ಟ್ರಾ ಸಾಂಬಾರಿಗೆ ಹತ್ತು ರೂಪಾಯಿ ಹಾಕಿದ್ದಕ್ಕೆ ಮ್ಯಾನೇಜರನ್ನು ಕರೆಸಿದವನು.

ಊರಿಗೆ ಬರುವುದರ ಹಿಂದೆ ದೊಡ್ಡ ಲೆಕ್ಕಾಚಾರವಿದೆ. ಪೋಲೋ ಟ್ಯಾಂಕು 45 ಲೀಟರಿನದು. ಬೆಂಗಳೂರಲ್ಲಿ ತನ್ನ ನಂಬಿಕೆಯ ಬಂಕಿನಲ್ಲಿ ಗಂಟಲುಮಟ್ಟ ತುಂಬಿಸಿಕೊಂಡರೆ ಹುಲಿಕೆರೆಗೆ ಬಂದು, ಎರಡು ದಿನ ಇದ್ದು, ಹೊಸ ತೊಟ್ಟು ಸೋಕಿಸದೆ ವಾಪಸ್ಸು ಮುಟ್ಟಬಹುದು. ಹೊರಗೆ ಎಲ್ಲೂ ಮುಟ್ಟುವುದಿಲ್ಲ. ಅವನ ಅಜ್ಜಿ ಮಡಿಯಲ್ಲಿ ತಿರುಪತಿಗೆ ಹೋಗಿಬಂದದ್ದು ಹೀಗೇ, ಬುತ್ತಿ ಕಟ್ಟಿಕೊಂಡು.

ಲೆಕ್ಕ ಕೆಡಿಸುವುದು ನೆಂಟರು. ಹೋದ ಸುಗ್ಗಿಯಲ್ಲಿ ಹುಬ್ಬಳ್ಳಿಯಿಂದ ಅತ್ತೆ ಬಂದರು. 2023ರಲ್ಲಿ ಬೇಲೂರು, ಹಳೇಬೀಡು ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ ನಮ್ಮ ಕಡೆ ನೆಂಟರ ಸಂಖ್ಯೆ ಹೆಚ್ಚಿದೆ. ಮೊದಲು ಮದುವೆಗೆ ಕರೆದರೂ ಬಾರದವರು ಈಗ ‘ಒಂದೆರಡು ದಿನ ಇದ್ದು ಹೋಗ್ತೀವಿ’ ಅನ್ನುತ್ತಾರೆ. ಕಾರಿರುವ ಅಳಿಯ ಗೈಡೂ ಹೌದು. ಹೊಯ್ಸಳೇಶ್ವರದ ಗೋಡೆಯ ಬುಡದಲ್ಲಿ ಆನೆ ಸಾಲು, ಸಿಂಹದ ಸಾಲು ದಾಟಿ ಕುದುರೆ ಸವಾರರ ಸಾಲು ಬರುತ್ತದಲ್ಲ, ಅಲ್ಲಿ ನಿಂತು ತೊಂಬತ್ತೈದು ಹೇಳಿದ: ‘ಅತ್ತೆ, ನನ್ನ ಕಾರಲ್ಲಿ ಇಂಥವು ನೂರೈದು ಐತೆ.’ ಅತ್ತೆ ಕುದುರೆಗಳನ್ನು ಒಂದು ಕ್ಷಣ ನೋಡಿ, ‘ಅಷ್ಟೊಂದು ಇಟ್ಟಿದ್ದಕ್ಕೇ ಹಿಂದಿನ ಸೀಟಿನಾಗ ಕಾಲು ಇಡಾಕ ಜಾಗ ಇಲ್ಲ’ ಅಂದರು.

ಹಳೇಬೀಡಾಯಿತು, ಬೇಲೂರಾಯಿತು, ಮರುದಿನ ಇನ್ನೊಂದು ಸುತ್ತು ಬೇಲೂರಾಯಿತು, ಏಕೆಂದರೆ ಮೊದಲ ದಿನ ಫೋನ್ ಚಾರ್ಜ್ ಮುಗಿದು ಶಿಲಾಬಾಲಿಕೆಯರ ಜೊತೆ ಫೋಟೋ ಆಗಿರಲಿಲ್ಲ. ಮುಳ್ಳು ಕೆಂಪಿಗೆ ಬಂತು. ಸಂಜೆ ಅತ್ತೆಗೆ ಅರಸೀಕೆರೆಯಲ್ಲಿ ರೈಲು. ದಾರಿಯ ಬಂಕಿಗೆ ನುಗ್ಗಿದರೆ ಹುಡುಗ ಕೈ ಆಡಿಸಿದ: ‘ಪ್ರೀಮಿಯಂ ಲೋಡ್ ಬಂದಿಲ್ಲಣ್ಣ, ನಾಳಿಕ್ಕೆ ಬತ್ತದೆ. ನಾರ್ಮಲ್ ಐತೆ, ಎಷ್ಟಕ್ಕೆ?’ ತೊಂಬತ್ತೈದು ಐದು ನಿಮಿಷ ಬಂಕಿನಲ್ಲಿ ಶತಪಥ ಹಾಕಿದ. ಕೊನೆಗೆ ‘ಇನ್ನೂರಕ್ಕೆ’ ಅಂದ ದನಿಯಿತ್ತಲ್ಲ, ಆಪರೇಷನ್ನಿಗೆ ಸಹಿ ಹಾಕುವ ನೆಂಟರದ್ದೂ ಅಷ್ಟು ಇಳಿದಿರುವುದಿಲ್ಲ.

ಅಲ್ಲಿಂದ ಮುಂದೆ ಅವನು ಕಾರು ಓಡಿಸಲಿಲ್ಲ, ಕಾರಿನ ಸದ್ದು ಕೇಳುತ್ತಾ ಕೂತ. ರೇಡಿಯೋ ಬಂದ್. ಎಸಿ ಬಂದ್. ಅತ್ತೆ ಮಾತು ಬಂದ್, ಇದು ಮಾತ್ರ ಸಾಮಾನ್ಯ ಸಾಧನೆಯಲ್ಲ. ‘ಪಿಕಪ್ ಹೋಯ್ತು ನೋಡಿ, ಎಳೀತಾನೇ ಇಲ್ಲ’ ಅಂದ. ಎಳೆಯುವುದಾದರೂ ಹೇಗೆ? ಮುಂದೆ ರಸ್ತೆಯ ಉದ್ದಕ್ಕೂ ಹುರುಳಿ ಹರಡಿತ್ತು. ನಮ್ಮ ಕಡೆ ಕಣ ಮಾಡುವವರು ಕಡಿಮೆ, ಡಾಂಬರೇ ಕಣ, ಹೋಗಿಬರುವ ವಾಹನಗಳೇ ಎತ್ತು. ಸೊಪ್ಪು ಅಡಿಗೆ ಸುತ್ತಿಕೊಂಡರೆ ಬಿಸಿಗೆ ಹೊತ್ತಿಕೊಳ್ಳುವ ಅಪಾಯವೂ ಇದೆ, ಪೊಲೀಸರು ಹೇಳಿ ಹೇಳಿ ಸೋತಿದ್ದಾರೆ. ನೂರೈದು ಕುದುರೆಯ ಜರ್ಮನ್ ಟರ್ಬೊ ಮೊದಲನೇ ಗೇರಿನಲ್ಲಿ ಚರಚರ ಎಂದು ಹುರುಳಿ ಒಕ್ಕುತ್ತಾ ಸಾಗಿತು. ಮೊರ ಹಿಡಿದು ನಿಂತಿದ್ದ ಮುದುಕಿ ಗಾಜು ತಟ್ಟಿ, ‘ಇನ್ನೊಂದ್ ಕಿತ ಹಿಂದ್ಕೆ ಮುಂದ್ಕೆ ಮಾಡಪ್ಪ, ನಿಂದು ಅಗಲದ ಟೈರು, ಚೆನ್ನಾಗ್ ಉದುರ್ತದೆ’ ಅಂದಳು. ಆ ಕಾರಿನ ಬಗ್ಗೆ ಈ ಸೀಮೆಯಲ್ಲಿ ಯಾರಾದರೂ ಮನಸ್ಸಿಟ್ಟು ಆಡಿದ ಒಳ್ಳೆಯ ಮಾತು ಅದೊಂದೇ.

ಹುರುಳಿ ದಾಟಿ ಸ್ವಲ್ಪ ವೇಗ ಹಿಡಿದದ್ದೇ ತಡ, ಟಕ್. ತಿರುವಿನಲ್ಲಿ ಟಕ್ ಟಕ್. ‘ನಾಕಿಂಗ್!’ ಎಂದು ತೊಂಬತ್ತೈದು ಬೆವೆತ. ಜಾವಗಲ್‌ನಲ್ಲಿ ನಿಲ್ಲಿಸಿದ. ಭಾರತಕ್ಕೆ ವೇಗದ ಬೌಲರನನ್ನು ಕೊಟ್ಟ ಮನೆತನದ ಊರು ಅದು. ಅಲ್ಲಿ ಕಾರಿನ ವೇಗಕ್ಕೆ ಮರ್ಯಾದೆ ಸಿಗಬಹುದು ಎಂದುಕೊಂಡನೋ ಏನೋ. ಗ್ಯಾರೇಜಿನವನು ಬಾನೆಟ್ ಎತ್ತಿ ಕೇಳಿದ, ಒಂದು ಸುತ್ತು ಓಡಿಸಿ ನೋಡಿದ, ಬಂದು ಮಾತಿಲ್ಲದೆ ಡಿಕ್ಕಿ ತೆಗೆದ. ಅತ್ತೆಗೆಂದು ಅವ್ವ ಇಟ್ಟಿದ್ದ ಸುಲಿದ ತೆಂಗಿನಕಾಯಿ ಚೀಲದಿಂದ ಹೊರಬಿದ್ದು ಸ್ಟೆಪ್ನಿ ಪಕ್ಕ ಉರುಳಾಡುತ್ತಿದ್ದವು.

ಗ್ಯಾರೇಜಿನವನು ನಗಲಿಲ್ಲ, ಕಾಯಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಆಮೇಲೆ ಅವನು ಆಡಿದ ನಾಲ್ಕು ಮಾತು ಕಂಪನಿಯ ಪುಸ್ತಕದಲ್ಲಿಯೂ ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಆಕ್ಟೇನ್ ಅಂದರೆ ಶಕ್ತಿಯಲ್ಲ. ಎಂಜಿನ್ನು ಗಾಳಿ ಪೆಟ್ರೋಲನ್ನು ಅದುಮುವಾಗ, ಕಿಡಿ ಬೀಳುವ ತನಕ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣಕ್ಕೆ ಕೊಟ್ಟ ಅಂಕ ಅದು; ತಡೆಯದೆ ಹೊತ್ತಿಕೊಂಡರೆ ಬರುವ ಸದ್ದೇ ನಾಕಿಂಗ್. ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ, ಐಸೊಆಕ್ಟೇನಿಗೆ ನೂರು, ಮಿಕ್ಕಿದ್ದೆಲ್ಲ ಇದೇ ಅಳತೆಗೋಲಿನಲ್ಲಿ ಅಳೆದದ್ದು. ಟರ್ಬೊ ಇರುವ ಎಂಜಿನ್ನು ಹೆಚ್ಚು ಅದುಮುತ್ತದೆ, ಹಾಗಾಗಿ ಹೆಚ್ಚು ತಡೆಯುವ ಪೆಟ್ರೋಲು ಅದಕ್ಕೆ ಹಿತ. ‘ಹಂಗಂತ ಕಡಿಮೇದು ಹಾಕಿದ್ರೆ ಎಂಜಿನ್ ಒಡೆದೋಗಲ್ಲ ಸಾರ್. ಬ್ಲಾಕಿಗೆ ಸೆನ್ಸರ್ ಐತೆ, ನಾಕಿಂಗ್ ಕೇಳಿದ್ರೆ ತಾನೇ ಟೈಮಿಂಗ್ ಹಿಂದ್ಕೆ ತಗೋತದೆ. ಚೂರು ಎಳೆತ ಕಮ್ಮಿ ಆಯ್ತದೆ, ಅಷ್ಟೇ. ಏಪ್ರಿಲ್ ಬಿಸಿಲಲ್ಲಿ ಐದು ಜನ ತುಂಬ್ಕಂಡು ಶಿರಾಡಿ ಹತ್ತಿಸ್ತೀರಾ, ಆವಾಗ ಹಾಕ್ಸಿ, ಬೇಡ ಅನ್ನಲ್ಲ. ಹುರುಳಿ ಒಕ್ಕೋಕೆ ಯಾವ್ದಾದ್ರೂ ಆಯ್ತದೆ.’

ಅಂದರೆ ತೊಂಬತ್ತೈದು ಪೂರಾ ಸುಳ್ಳಲ್ಲ. ಘಾಟಿಯಲ್ಲಿ, ಬಿಸಿಲಲ್ಲಿ, ಕಾಲು ಒತ್ತಿದಾಗ ಅವನು ಹೇಳುವುದರಲ್ಲಿ ಹುರುಳಿದೆ. ಅವನು ಘಾಟಿಗೆ ಹೋಗುವುದಿಲ್ಲ, ಅಲ್ಲಿ ರಸ್ತೆ ಸರಿಯಿಲ್ಲವಂತೆ. ನನಗೆ ಸೋಜಿಗವೆನಿಸುವುದು ಬೇರೆ. ಎಂಟು ಸೆಕೆಂಡಿನ ಸಿಗ್ನಲ್ಲಿಗೆ ಹಾರ್ನ್ ಹೊಡೆಯುವ, ಇಡ್ಲಿ ಬರುವುದು ತಡವಾದರೆ ಎದ್ದುಹೋಗುವ ಮನುಷ್ಯ, ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚಿಗೆ ತೆತ್ತು ಕೊಳ್ಳುತ್ತಿರುವುದು ತಾಳ್ಮೆಯನ್ನು.

ಈ ಜಾತಿ ಹೊಸದೇನಲ್ಲ. ಇವನ ಚಿಕ್ಕಪ್ಪನ ಬಳಿ ಮೈಸೂರಿನಲ್ಲೇ ತಯಾರಾದ ಯೆಜ್ಡಿ ಇತ್ತು. ಎರಡು ಸ್ಟ್ರೋಕಿನ ಬೈಕು, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಬಂಕಿನವನ ಅಳತೆ ಅವನಿಗೆ ಸರಿಹೋಗುತ್ತಿರಲಿಲ್ಲ. ಕೆಮ್ಮಿನ ಔಷಧದ ಮುಚ್ಚಳ ಜೇಬಲ್ಲಿಟ್ಟುಕೊಂಡು ಹೋಗಿ, ಅದರಲ್ಲಿ ಅಳೆದು ಹಾಕಿ, ಬೈಕನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟು ಕೇಳುತ್ತಿದ್ದ. ಏನು ಕೇಳಿಸುತ್ತಿತ್ತೋ. ಆ ಕಿವಿ ಈ ಹುಡುಗನಿಗೆ ಬಂದಿದೆ.

ಇಷ್ಟೆಲ್ಲ ಆಗಿಯೂ ಅವನು ಸುಖವಾಗಿಯೇ ಇದ್ದ. ಕೆಡಿಸಿದ್ದು ಸರ್ಕಾರ. 2023ರ ಫೆಬ್ರುವರಿಯಲ್ಲಿ ಪ್ರಧಾನಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತದ್ದು. 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಮಾಮೂಲಾಯಿತು. ಮೈಲೇಜ್ ಹೋಯಿತು ಎಂದು ಜನ ಕೂಗಿದಾಗ ಪೆಟ್ರೋಲಿಯಂ ಸಚಿವಾಲಯ ವಿವರಣೆ ಕೊಟ್ಟಿತು: ಎಥನಾಲಿನ ಆಕ್ಟೇನ್ ನೂರರ ಮೇಲಿದೆ, ಮೊದಲು 88 ಇದ್ದ ಮಾಮೂಲಿ ಪೆಟ್ರೋಲು ಬಿಎಸ್6 ಕಾಲಕ್ಕೆ 91 ಆಗಿತ್ತು, ಈಗ ಇ20ಯಿಂದ 95 ಆಗಿದೆ.

ಈ ಸುದ್ದಿಯನ್ನು ಪತ್ರಿಕೆಯಲ್ಲಿ ತೋರಿಸಿದವನು ನಾನೇ. ಖುಷಿಪಡುತ್ತಾನೆ, ಮುನ್ನೂರು ಉಳಿಯಿತು ಅನ್ನುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಸಪ್ಪಗಾಯಿತು. ‘ಎಲ್ಲರಿಗೂನಾ?’ ಅಂದ. ಎಲ್ಲರಿಗೂ. ‘ಗೂಡ್ಸ್ ಆಟೋಗೂನಾ?’ ಪೆಟ್ರೋಲ್ ಆಟೋ ಆದರೆ ಅದಕ್ಕೂ. ‘ಅಪ್ಪನ ಮೊಪೆಡ್ಡಿಗೂ?’ ಹೌದಪ್ಪ, ಅದಕ್ಕೂ ತೊಂಬತ್ತೈದೇ. ಪೇಪರನ್ನು ಮಡಿಸಿ ವಾಪಸ್ಸು ಕೊಟ್ಟ. ಮರುವಾರದಿಂದ ಅವನು ಆಕ್ಟೇನ್ ಮಾತೇ ಎತ್ತುವುದಿಲ್ಲ. ಬಾಯಿ ತೆಗೆದರೆ ಎಥನಾಲ್ ಹೊಸ್‌ಪೈಪ್ ತಿನ್ನುತ್ತದೆ, ವಾಷರ್ ತಿನ್ನುತ್ತದೆ, ನೀರು ಹೀರುತ್ತದೆ. ಕೆಲವು ನಿಜವೂ ಹೌದು. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಮೈಲೇಜ್ ತುಸು ಇಳಿಯಲೇಬೇಕು.

ಈಗ ಅವನು ಹಿಡಿದಿರುವುದು ನೂರು. ಇಂಡಿಯನ್ ಆಯಿಲ್‌ನವರು 2020ರ ಡಿಸೆಂಬರಿನಲ್ಲಿ ತಂದ ಎಕ್ಸ್‌ಪಿ100; ಬಂದಾಗಲೇ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ಅದೇ ಅದರ ದೊಡ್ಡ ಗುಣ. ಊರಿನವರು ಹೆಸರು ಬದಲಿಸಲು ತಯಾರಿಲ್ಲ, ರೇಷನ್ ಕಾರ್ಡಿನಲ್ಲಿ ತಿದ್ದಿಸುವುದೇ ಇದಕ್ಕಿಂತ ಸುಲಭ.

ಹೋದ ಸಲ ಬಂದಾಗ ಅಪ್ಪ ಅಂಗಳದಲ್ಲಿ ಮುಸುಕಿನ ಜೋಳ ಚೀಲಕ್ಕೆ ತುಂಬುತ್ತಿದ್ದ. ಎಥನಾಲ್ ಕಾರ್ಖಾನೆಗಳಿಗೆ ಈಗ ಕಬ್ಬಿನ ಜೊತೆ ಜೋಳವೂ ಹೋಗುತ್ತದೆ, ರೇಟು ಏರುತ್ತದೆ ಎಂಬ ಆಸೆಯಲ್ಲಿ ಒಂದೆಕರೆ ಜಾಸ್ತಿ ಹಾಕಿದ್ದ. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಇತ್ತು. ಮಂಡಿಯಲ್ಲಿ ಕೇಳುತ್ತಿದ್ದದ್ದು ಅದಕ್ಕಿಂತ ಬಹಳ ಕೆಳಗೆ. ಮಗನ ಹೊಸ ಪೆಟ್ರೋಲಿನ ರೇಟು ಕೇಳಿ ಅಪ್ಪ ಚೀಲದ ಬಾಯಿ ಹಿಡಿದುಕೊಂಡೇ ಲೆಕ್ಕ ಹಾಕಿದ.

‘ಸರ್ಕಾರದ ರೇಟು ಸಿಕ್ಕಿದ್ರೂ ಒಂದು ಕ್ವಿಂಟಲ್ ಜೋಳಕ್ಕೆ ಹದಿನೈದು ಲೀಟರ್ ಬತ್ತದಲ್ಲೋ. ಅಂಥದ್ದೇನ್ ಹಾಕವ್ರೆ ಅದ್ರಲ್ಲಿ?’

‘ಏನೂ ಹಾಕಿಲ್ಲ ಕಣಪ್ಪ’ ಅಂದ ಮಗ, ‘ನಿನ್ನ ಜೋಳ ಹಾಕಿಲ್ಲ, ಅದಕ್ಕೇ ಅಷ್ಟು ರೇಟು.’