ಹೇಮಂತ ತರಂಗ ಮೀಮಾಂಸೆ

ಅನುಬಂಧ

ಯಾವ ಶಾಸ್ತ್ರವನ್ನೇ ಆಗಲಿ ವಿಷಯ, ಸಂಬಂಧ, ಪ್ರಯೋಜನ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಯೇ ಆರಂಭಿಸತಕ್ಕದ್ದೆಂದು ಹಿರಿಯರ ಕಟ್ಟಳೆ. ಇಲ್ಲಿ ವಿಷಯವೆಂದರೆ, ಹ್ಯಾಮ್ ರೇಡಿಯೋದವರಲ್ಲಿ ಕೆಲವರು ಚಳಿಗಾಲದ ವಾರಾಂತ್ಯಗಳಲ್ಲಿ 160 ಮೀಟರ್ ಬ್ಯಾಂಡಿನ ಮೇಲೆ, ಒಬ್ಬರನ್ನೊಬ್ಬರು ಸಂಪರ್ಕಿಸಿ ಅಂಕ ಗಳಿಸಲು ನಡೆಸುವ ಸ್ಪರ್ಧೆ. ಲೋಕವ್ಯವಹಾರದೊಡನೆ ಇದಕ್ಕೆ ಸಂಬಂಧವಿಲ್ಲ. ಪ್ರಯೋಜನ, ಗೆದ್ದರೆ ಒಂದು ಪ್ರಮಾಣಪತ್ರ. ಇನ್ನು ಅಧಿಕಾರಿಯ ಲಕ್ಷಣ: ನಿದ್ರೆಯಲ್ಲಿ ವೈರಾಗ್ಯ, ಕಿವಿಯೊಳಗಿನ ಗರಗರದಲ್ಲಿ ಶಮ, ಮನೆಯವರ ಮಾತಿನಲ್ಲಿ ತಿತಿಕ್ಷೆ, ಮತ್ತು 160 ಮೀಟರಿಗೂ ಮಿಕ್ಕ ತಂತಿ ಎಳೆಯುವಷ್ಟು ಜಮೀನು. ಮೊದಲ ಮೂರು ಅಭ್ಯಾಸದಿಂದ ಬರುತ್ತವೆ. ನಾಲ್ಕನೆಯದು ಪಿತ್ರಾರ್ಜಿತವಾಗಿ ಬಂದರೆ ಉತ್ತಮ.

ಕಾಲನಿರ್ಣಯ

ಈ ಕರ್ಮಕ್ಕೆ ಹಗಲು ನಿಷಿದ್ಧ. ಭೂಮಿಯಿಂದ 60–90 ಕಿ.ಮೀ. ಎತ್ತರದಲ್ಲಿ ಡಿ ಎಂಬ ಪದರವಿದೆ. ಬಿಸಿಲು ಬಿದ್ದೊಡನೆ ಅದು ಎಚ್ಚೆತ್ತು 1.8 ಮೆಗಾಹರ್ಟ್ಸ್ ಆಸುಪಾಸಿನ, ಅಂದರೆ ನಮ್ಮ 160 ಮೀಟರಿನ, ತರಂಗಗಳನ್ನು ನುಂಗತೊಡಗುತ್ತದೆ. ಆವರ್ತನ ಕಡಿಮೆಯಾದಷ್ಟೂ ಅದರ ಹಸಿವು ಹೆಚ್ಚು. ಸೂರ್ಯ ಮುಳುಗಿದ ಮೇಲೆ ಪದರ ಕರಗುತ್ತದೆ, ತರಂಗ ಇನ್ನೂ ಮೇಲೇರಿ, ಬಾಗಿ, ಸಮುದ್ರದಾಚೆ ಇಳಿಯುತ್ತದೆ. ಉತ್ತರಾರ್ಧಗೋಳದಲ್ಲಿ ದೀರ್ಘರಾತ್ರಿ ಸಿಗುವುದು ಹೇಮಂತದಲ್ಲಿ. ಆಗ ಅಲ್ಲಿ ಗುಡುಗುಮಿಂಚು ವಿರಳವಾದ್ದರಿಂದ ಚಟಚಟ ಸದ್ದೂ ಕಡಿಮೆ. ಆದ್ದರಿಂದಲೇ ಅಮೆರಿಕನ್ ರೇಡಿಯೋ ರಿಲೇ ಲೀಗಿನ ಸ್ಪರ್ಧೆ ಡಿಸೆಂಬರ್ ಆರಂಭಕ್ಕೆ, ಸ್ಟೂ ಪೆರಿ ಹೆಸರಿನದು ಡಿಸೆಂಬರ್ ಕೊನೆಗೆ, ಸಿಕ್ಯೂ ಸ್ಪರ್ಧೆಯ ಮೋರ್ಸ್ ಭಾಗ ಜನವರಿ ಕೊನೆಗೆ ಬೀಳುತ್ತವೆ. ಅದರ ಮಾತಿನ ಭಾಗ ಫೆಬ್ರವರಿ ಕೊನೆಯದು. ಅದು ಶಿಶಿರದ ವ್ರತವಾದ್ದರಿಂದ ಈ ಗ್ರಂಥದ ವ್ಯಾಪ್ತಿಗೆ ಹೊರಗು.

ಅಪವಾದ: ಧ್ರುವಪ್ರಭೆ ಕುಣಿಯುವ ರಾತ್ರಿ. ಫಿನ್ಲೆಂಡಿನಲ್ಲಿ ಊರಿಗೆ ಊರೇ ಹೊರಗೆ ನಿಂತು ಹಸಿರು ಬೆಳಕನ್ನು ನೋಡಿ ಬೆರಗಾಗುವಾಗ ಸ್ಪರ್ಧಿ ಒಳಗೆ ಕೂತು ಅದನ್ನೇ ಶಪಿಸುತ್ತಾನೆ, ಏಕೆಂದರೆ ಧ್ರುವದ ಮೇಲಿನಿಂದ ಬರುವ ಸದ್ದೆಲ್ಲ ಆಗ ಅಡಗುತ್ತದೆ.

ದ್ರವ್ಯವಿಚಾರ

ಈ ಕರ್ಮಕ್ಕೆ ಎರಡು ಆಂಟೆನಾ ವಿಹಿತ. ಮಾತಾಡಲು ಸುಮಾರು 40 ಮೀಟರ್ ಎತ್ತರದ ಕಂಬ, ಅಂದರೆ ತರಂಗದ ಕಾಲುಭಾಗ. ಕೇಳಲು ಹೆರಾಲ್ಡ್ ಬೆವರೇಜ್ ಅವರ ಹೆಸರಿನ ತಂತಿ: ಬಟ್ಟೆ ಒಣಹಾಕುವ ತಂತಿಯಂತೆ ನೆಲದಿಂದ ಎರಡು ಮೂರು ಮೀಟರ್ ಮೇಲೆ, ಉದ್ದ ಮಾತ್ರ 160 ಮೀಟರಿಗೂ ಮಿಕ್ಕಿ. ಅದು ಹಿಡಿಯುವ ಸದ್ದು ಸಣ್ಣದು, ಆದರೆ ಗದ್ದಲವನ್ನು ಇನ್ನೂ ಸಣ್ಣದಾಗಿಸುತ್ತದೆ. ಮಾತಾಡುವುದಕ್ಕಿಂತ ಕೇಳುವುದಕ್ಕೆ ಹೆಚ್ಚು ಜಮೀನು ಬೇಕು ಎಂಬುದು ಈ ಶಾಸ್ತ್ರದ ಪ್ರಥಮ ಸೂತ್ರ. ಇದನ್ನು ಮೀರಿ ಬಾಯಿ ದೊಡ್ಡದು, ಕಿವಿ ಚಿಕ್ಕದು ಮಾಡಿಕೊಂಡವರನ್ನು ಹ್ಯಾಮ್‌ಗಳು ಆಲಿಗೇಟರ್ ಎಂದು ಕರೆಯುತ್ತಾರೆ. ಮೊಸಳೆಗಳು ಇದಕ್ಕೆ ಆಕ್ಷೇಪವೆತ್ತಿದ ದಾಖಲೆಯಿಲ್ಲ.

ವಿಘ್ನಗಳು ಮೂರು. ಆಧಿದೈವಿಕವೆಂದರೆ ತಂತಿಗೆ ತಗುಲಿದ ಹಿಮಕಣಗಳು ತಮ್ಮ ವಿದ್ಯುದಂಶವನ್ನು ಇಳಿಸಿ ಎಬ್ಬಿಸುವ ಬುಸುಬುಸು. ಆಧಿಭೌತಿಕವೆಂದರೆ ಕತ್ತಲಲ್ಲಿ ಓಡಿ ತಂತಿಯನ್ನು ಹರಿದೊಯ್ಯುವ ಜಿಂಕೆ. ಆಧ್ಯಾತ್ಮಿಕವೆಂದರೆ ಬೆಳಗಿನ ನಾಲ್ಕು ಗಂಟೆಗೆ ಹುಟ್ಟುವ ‘ಇದೆಲ್ಲ ಯಾಕೆ’ ಎಂಬ ಪ್ರಶ್ನೆ. ಮೊದಲೆರಡಕ್ಕೆ ಪರಿಹಾರವುಂಟು.

ಪೂರ್ವಪಕ್ಷ

ಇಲ್ಲಿ ಒಬ್ಬ ವಾದಿ ಏಳುತ್ತಾನೆ: ‘ಹಗಲು ನಿಷಿದ್ಧವಾದರೆ ಮಾರ್ಕೋನಿಯ ಗತಿಯೇನು? 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಮೇಲೆ ಗಾಳಿಪಟಕ್ಕೆ ತಂತಿ ಕಟ್ಟಿ, ಕಾರ್ನ್‌ವಾಲಿನ ಪೋಲ್ಡುವಿನಿಂದ ಬಂದ ಎಸ್ ಅಕ್ಷರದ ಮೂರು ಚುಕ್ಕಿಗಳನ್ನು ಕೇಳಿದೆನೆಂದನಲ್ಲ? ಆಗ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ!’

ಉತ್ತರ: ಚಟ್ ಚಟ್ ಚಟ್ ಎನ್ನುವ ಸಾಮರ್ಥ್ಯ ಸಿಡಿಲಿಗೂ ಇದೆ. ಅವನು ಕೇಳಿದ್ದು ಪೋಲ್ಡುವನ್ನೋ ಆಕಾಶವನ್ನೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ನಾವು ಹಿಡಿಯುವ ದೃಷ್ಟಾಂತ ಪಾಲ್ ಗಾಡ್ಲಿಯದು. 1921ರ ಡಿಸೆಂಬರಿನಲ್ಲಿ ಈತ ಸ್ಕಾಟ್ಲೆಂಡಿನ ಆರ್ಡ್ರೋಸನ್ನಿನಲ್ಲಿ ಬೆವರೇಜ್ ತಂತಿ ಎಳೆದು, ಡೇರೆಯೊಳಗೆ, ರಾತ್ರಿಯಲ್ಲಿ, ನಡುಗುತ್ತ ಕೂತು, ಕನೆಕ್ಟಿಕಟ್‌ನ ಹವ್ಯಾಸಿಗಳು ಸುಮಾರು 230 ಮೀಟರ್ ಅಲೆಯಲ್ಲಿ ಕಳಿಸಿದ್ದನ್ನು ಬರೆದುಕೊಂಡ. ಕತ್ತಲೆ, ಚಳಿ, ಉದ್ದ ತಂತಿ: ಮೂರು ಅಂಗಗಳೂ ಪೂರ್ಣ. ಇಂದಿನ ಸ್ಪರ್ಧಿಗಳಿಗೆ ಇವನೇ ಗೋತ್ರಪುರುಷ.

ಪ್ರಮಾಣವಿಚಾರ

ಎದುರಿನವರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿನ ಅವರ ಹೆಸರು, ತಿಳಿಯುವುದು ಹೇಗೆ? ಪ್ರತ್ಯಕ್ಷವಾಗಿ ಎರಡು ಅಕ್ಷರ ಕೇಳಿಸುತ್ತವೆ. ಉಳಿದವು ಅನುಮಾನ. ಸಂಪರ್ಕಗಳ ಲಾಗ್ ಬರೆಯುವ ಕಂಪ್ಯೂಟರ್, ಹಿಂದಿನ ಸ್ಪರ್ಧೆಗಳಲ್ಲಿ ಕಂಡ ಕಾಲ್‌ಸೈನ್‌ಗಳ ಪಟ್ಟಿ ಮುಂದಿಟ್ಟು ‘ಇವರಿರಬಹುದೇ?’ ಎನ್ನುತ್ತದೆ, ಇದು ಶಬ್ದಪ್ರಮಾಣ. ನಂಬಿದವನನ್ನು ಇದೇ ಪ್ರಮಾಣ ಹೆಚ್ಚು ಕೆಡಿಸುತ್ತದೆ. ಸ್ಪರ್ಧೆಯ ಬಳಿಕ ಇಬ್ಬರ ಲಾಗುಗಳನ್ನೂ ತಾಳೆ ನೋಡಿ, ತಪ್ಪು ಬರೆದ ಸಂಪರ್ಕವನ್ನು ಹೊಡೆದುಹಾಕುತ್ತಾರೆ.

ಇನ್ನು ಕೇಳಿಸಿದ ಸದ್ದಿಗೆ ಕೊಡುವ ವರದಿ, ಅಂದರೆ 599ರ ವಿಚಾರ. ಮೊದಲ ಅಂಕೆ ಸ್ಪಷ್ಟತೆ, ಎರಡನೆಯದು ಬಲ, ಮೂರನೆಯದು ನಾದಶುದ್ಧಿ, ಮೂರೂ ಗರಿಷ್ಠ. ಸ್ಪರ್ಧೆಯಲ್ಲಿ ಎಲ್ಲರೂ ಎಲ್ಲರಿಗೂ ಕೊಡುವುದು ಇದನ್ನೇ. ‘ನೀವು 599. ಏನೂ ಕೇಳಿಸಲಿಲ್ಲ, ಹೆಸರು ಇನ್ನೊಮ್ಮೆ ಹೇಳಿ’ ಎಂಬುದು ನಿತ್ಯದ ಸಂಭಾಷಣೆ. ಇದು ಅಸತ್ಯವಲ್ಲವೇ? ಅಲ್ಲ. ಸುಳ್ಳೆಂದು ಇಬ್ಬರಿಗೂ ಗೊತ್ತಿರುವ ಮಾತು ಸುಳ್ಳಲ್ಲ, ಆಚಾರ. ಅದನ್ನು ಕಳೆದ ಮೇಲೆ ಉಳಿಯುವ ಅರ್ಥ ಒಂದೇ: ನಿನ್ನ ದನಿ ನನ್ನನ್ನು ಮುಟ್ಟಿತು. ಲಾಗ್ ತಾಳೆನೋಡುವವರು ದಂಡ ಹಾಕುವುದೂ ಅಷ್ಟರಲ್ಲಿ ತಪ್ಪಿದವರಿಗೇ.

ದೇಶವಿಚಾರ

ಸ್ಟೂ ಪೆರಿ ಸ್ಪರ್ಧೆ 599ನ್ನು ಕೇಳುವುದಿಲ್ಲ. ಭೂಮಿಯನ್ನು ಎರಡು ಡಿಗ್ರಿ ಅಗಲ, ಒಂದು ಡಿಗ್ರಿ ಎತ್ತರದ ಚೌಕಗಳಾಗಿ ಕೊಯ್ದ ನಕ್ಷೆಯಲ್ಲಿ ತನ್ನ ಚೌಕ ಯಾವುದೆಂದು ಹೇಳಿದರೆ ಸಾಕು. ಸಂಪರ್ಕಕ್ಕೆ ಒಂದು ಅಂಕ, ಪ್ರತಿ 500 ಕಿ.ಮೀ.ಗೆ ಮತ್ತೊಂದು. ಈ ಭೂಗೋಳದಲ್ಲಿ ವಿಧಾನಸೌಧವೂ ಮೈಸೂರು ಅರಮನೆಯೂ ಎಂಕೆ82 ಎಂಬ ಒಂದೇ ಚೌಕದಲ್ಲಿವೆ. ಯಲಹಂಕ ಮಾತ್ರ 13 ಡಿಗ್ರಿ ಗೆರೆ ದಾಟಿ ಎಂಕೆ83ಕ್ಕೆ ಸೇರುತ್ತದೆ. ಚೌಕದ ನಡುವಿನಿಂದ ನಡುವಿಗೆ ಅಳೆದರೆ ಬೆಂಗಳೂರಿಂದ ಮೈಸೂರಿಗೆ ಸೊನ್ನೆ, ಯಲಹಂಕಕ್ಕೆ ಸುಮಾರು 110 ಕಿ.ಮೀ. ಸಂಜೆ ಹೆಬ್ಬಾಳದ ಮೇಲ್ಸೇತುವೆ ದಾಟಿದವರಾರೂ ಈ ಲೆಕ್ಕವನ್ನು ಅಲ್ಲಗಳೆಯಲಾರರು.

ಫಲಶ್ರುತಿ

ಇದನ್ನು ಹೇಮಂತದಲ್ಲಿ ಪಠಿಸಿದವರ ತಂತಿಯನ್ನು ಜಿಂಕೆ ತುಳಿಯದು. ಕೇಳಿದವರಿಗೆ ನೆರೆಮನೆಯ ದೀಪಗಳಿಂದ ಗದ್ದಲ ಬಾರದು. ಬರೆದುಕೊಂಡವರಿಗೆ ಲಾಗಿನಲ್ಲಿ ಒಂದಂಕವೂ ಕಡಿತವಾಗದು. ಓದದೆಯೇ ಸೊಗಸಾಗಿದೆ ಎಂದವರಿಗೆ 599.