ಸೊನ್ನಿ ಟಿಕೆಟ್ಟಿನ ಲೆಕ್ಕ

(ರಾಣೆಬೆನ್ನೂರಿನಿಂದ ಬ್ಯಾಡಗಿ ಮೇಲೆ ಹಾವೇರಿಗೆ ಹೊರಟ ಬಸ್ಸು. ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ನಿವೃತ್ತ ಗಣಿತ ಮಾಸ್ತರ, ಅವರ ಹಳೇ ವಿದ್ಯಾರ್ಥಿ ಈರಣ್ಣ, ಕೂಲಿಗೆ ಹೊರಟ ಮಲ್ಲವ್ವ.)

ಕಂಡಕ್ಟರ್: ಚಿಲ್ಲರೆ ಇಲ್ರೀ ಸರ. ಟಿಕೆಟ್ ಹಿಂದ ಬರದೇನಿ, ಇಳಿಯೂಮುಂದ ಇಸ್ಗೋರಿ.

ಮಾಸ್ತರ: (ಟಿಕೆಟ್ ಜೇಬಿಗೆ ತುರುಕಿ) ಈರಣ್ಣಾ, ಎಲೆಕ್ಷನ್‌ಗೆ ನಿಂದರ್ತೇನಿ ಅಂತಿಯಲ್ಲ, ಎಂಎಲ್ಎ ಆಗಾಕ 25 ವರ್ಷ ತುಂಬಿರಬೇಕು ಅಂತ ಸಂವಿಧಾನದಾಗ ಐತಿ. ಮಗ್ಗಿ ಬರಬೇಕು ಅಂತ ಎಲ್ಲೂ ಇಲ್ಲ!

ಈರಣ್ಣ: ನಾ ಗಣಿತದಾಗ ನಪಾಸ್ರೀ ಸರ. ಹಂಗಾರ ನಾ ನಿಂದ್ರೂದು ಬ್ಯಾಡೇನು?

ಮಾಸ್ತರ: ನಪಾಸ್ ಮಾಡಿದವನ ನಾನು. ನಾಡಿಗೆ ಒಳ್ಳೇದಾತು.

ಈರಣ್ಣ: ಸಿದ್ದರಾಮಯ್ಯ ಮೊದಲ ಸಲ ಹಣಕಾಸು ಮಂತ್ರಿ ಆದಾಗ, ನೂರು ಕುರಿ ಎಣಿಸಾಕ ಬರದವ ಅಂತ ಪೇಪರ್‌ದಾಗ ಬರದಿದ್ರಂತ. ಅವರ ಹೇಳ್ತಿರ್ತಾರ. 2025ರಾಗ ಹದಿನಾರನೇ ಬಜೆಟ್ ಓದಿದ್ರು. 4,09,549 ಕೋಟಿ!

ಮಾಸ್ತರ: ಅವರು ಬಿ.ಎಸ್ಸಿ. ನಮ್ಮ ಶಿಗ್ಗಾಂವಿಯಿಂದ ಹೋದ ಬೊಮ್ಮಾಯಿ ಮೆಕ್ಯಾನಿಕಲ್ ಎಂಜಿನಿಯರ್. 2022, 2023ರಾಗ ಅವರೂ ಬಜೆಟ್ ಮಂಡಿಸಿದ್ರು.

ಮಲ್ಲವ್ವ: ಇಬ್ರೂ ಕಲಿತಾವ್ರು. ಮೆಣಸಿನಕಾಯಿ ರೇಟ್ ಯಾಕ ನಿಂದರವಲ್ದು?

ಮಾಸ್ತರ: ತಡಿ ಮಲ್ಲವ್ವಾ. ಈರಣ್ಣಾ, ಕ್ವಿಂಟಲ್‌ಗೆ 20,000 ರೂಪಾಯಿ. ಶೇಕಡಾ 50 ಬಿತ್ತು, ಮತ್ತ ಶೇಕಡಾ 50 ಏರ್ತು. ಈಗ ಎಷ್ಟು?

ಈರಣ್ಣ: ಬಿದ್ದಷ್ಟ ಏರ್ತಲ್ರೀ. 20,000.

ಮಾಸ್ತರ: 15,000! ಮಂತ್ರಿ ಸ್ಟೇಜ್ ಮ್ಯಾಲೆ ನಿಂತು ಬಿದ್ದಷ್ಟ ಏರ್ಸೇವಿ ಅಂದ್ರ ಚಪ್ಪಾಳಿ ಹೊಡಿಯಾವ ನೀನ!

ಈರಣ್ಣ: ಆತ್ರಿ. ಆದ್ರ ಬಿದ್ದದ್ದು ಯಾಕ? ಹ್ವಾದ ವರ್ಷದ ರೇಟ್ ನೋಡಿ ಎಲ್ಲಾರೂ ಮೆಣಸಿನಕಾಯಿನ ಹಚ್ಚತೇವಿ. ಬಳ್ಳಾರಿ, ರಾಯಚೂರು, ಆಂಧ್ರದ ಚೀಲಾನೂ ಇಲ್ಲೇ ಬರ್ತಾವ. 2024ರ ಮಾರ್ಚ್ 11ಕ್ಕ ರೇಟ್ ಕುಸಿದು ಎಪಿಎಂಸಿ ಆಫೀಸಿಗೆ ಬೆಂಕಿ ಬಿತ್ತಲ್ಲ, ಅವತ್ತು ಕಳೆಯೂ ಲೆಕ್ಕ ಎಲ್ಲಾರಿಗೂ ಬರ್ತಿತ್ರೀ. ಅದಿರ್ಲಿ, ನಿಮ್ಮ ಚೀಲ?

ಮಾಸ್ತರ: (ಮೆಲ್ಲಗೆ) ಕೋಲ್ಡ್ ಸ್ಟೋರೇಜಿನಾಗ ಅದಾವ. ರೇಟ್ ಏರ್ತೈತಿ ಅಂತ ಗ್ರಾಫ್ ಹಾಕಿದ್ದೆ.

ಮಲ್ಲವ್ವ: ಏರೇತೇನ್ರಿ?

ಮಾಸ್ತರ: ಬಾಡಿಗಿ ಏರೇತಿ.

ಮಲ್ಲವ್ವ: ನನ್ನ ಲೆಕ್ಕಾನ ಚಲೋ ಬಿಡ್ರಿ. ಹೆಣ್ಮಕ್ಕಳಿಗೆ ಬಸ್ ಟಿಕೆಟ್ ಸೊನ್ನಿ.

ಮಾಸ್ತರ: ನಿನಗ ಸೊನ್ನಿ, ಖಜಾನಿಗಲ್ಲ. 2023ರ ಜೂನ್ 11ರಿಂದ ಆ ಸೊನ್ನಿಯ ರೊಕ್ಕ ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಬೇಕು.

ಮಲ್ಲವ್ವ: ತುಂಬಲಿ. ಬಸ್ಸಿಗೆ ರೊಕ್ಕ ಇಲ್ಲಂತ ಮನ್ಯಾಗ ಕುಂದರ್ತಿದ್ದೆ. ಈಗ ಬ್ಯಾಡಗಿಗೆ ಬಂದು ಮೆಣಸಿನಕಾಯಿ ತೊಟ್ಟು ಬಿಡಸ್ತೇನಿ. ಆ ಕೂಲಿಯಾಗ ಸಕ್ಕರಿ, ಚಾಪುಡಿ ತಗೋತೇನಿ. ಅದಕ್ಕ ಜಿಎಸ್‌ಟಿ ಐತಲ್ರೀ? ನನ್ನ ಸೊನ್ನಿ ಸ್ವಲ್ಪರ ಹೊಳ್ಳಿ ಖಜಾನಿಗೆ ಹೋತಿಲ್ಲ?

ಮಾಸ್ತರ: (ಬೆರಗಾಗಿ) ಮಲ್ಲವ್ವಾ, ಇದು ಗಣಿತಲ್ಲ, ಅರ್ಥಶಾಸ್ತ್ರ! ಎಲ್ಲಿ ಕಲಿತಿ?

ಮಲ್ಲವ್ವ: ನಾ ಸಾಲಿ ಕಟ್ಟಿ ಹತ್ತಿಲ್ರೀ. ತಿಂಗಳ ಕಡೀಕ ಡಬ್ಯಾಗ ಏನ ಉಳಿತೈತಿ ಅಂತ ನೋಡ್ತೇನಿ, ಅಷ್ಟ.

(ಬ್ಯಾಡಗಿ. ಮೂವರೂ ಇಳಿಯುತ್ತಾರೆ. ಬಸ್ಸು ಹಾವೇರಿ ಕಡೆ ಹೋಗಿಬಿಡುತ್ತದೆ.)

ಈರಣ್ಣ: ಸರ, ಚಿಲ್ಲರೆ ಇಸ್ಗೊಂಡ್ರೇನು?

(ಮಾಸ್ತರ ಟಿಕೆಟ್ ತೆಗೆದು ತಿರುವಿ ನೋಡುತ್ತಾರೆ. ಹಿಂದೆ ಪೆನ್ನಿನಲ್ಲಿ 65 ಎಂದು ಬರೆದಿದೆ.)

ಮಲ್ಲವ್ವ: ನನ್ನ ಟಿಕೆಟ್ಟಿನ ಹಿಂದ ಏನೂ ಬರದಿಲ್ಲ ನೋಡ್ರಿ, ಮಾಸ್ತರ.