ಅನಶ್ಕು ಅಂತ್ಯಮೀಮಾಂಸೆ: ಕೊಡಗಿನ ಮಳೆಗಾಲದ ಪಾಠ

2015ರ ಜುಲೈ 3ರಂದು ತೆರೆಕಂಡ ಅನೂಪ್ ಭಂಡಾರಿಯವರ ‘ರಂಗಿತರಂಗ’ದ ಅಂತ್ಯದ ಬಗ್ಗೆ ಕೊಡಗಿನ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇರಲು ಸಾಧ್ಯವೂ ಇಲ್ಲ. ಏಕೆಂದರೆ ಅವರಲ್ಲಿ ಬಹುಮಂದಿ ಅಂತ್ಯವನ್ನೇ ನೋಡಿಲ್ಲ. ಸುರಿವ ಮಳೆಯಲ್ಲಿ ಟಿವಿ ಹಾಕಿ ಕೂತಿರುತ್ತಾರೆ. ಚಿತ್ರದಲ್ಲಿ ನಟ ಸಾಯಿಕುಮಾರ್ ದನಿ ಏರಿಸುವ ಹೊತ್ತಿಗೆ ಸರಿಯಾಗಿ ಎಲ್ಲೋ ಒಂದು ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುತ್ತದೆ. ಕರೆಂಟು ಹೋಗುತ್ತದೆ, ವ್ಯಾಖ್ಯಾನ ಶುರುವಾಗುತ್ತದೆ.

ಕಥಾಸಾರ ಇಷ್ಟು: ‘ಅನಶ್ಕು’ ಎಂಬ ಕಾವ್ಯನಾಮದ ಮರೆಯಲ್ಲಿ ಅಡಗಿದ ಖ್ಯಾತ ಕಾದಂಬರಿಕಾರ, ಅವನನ್ನು ಹುಡುಕುತ್ತ ಬರುವ ಪತ್ರಕರ್ತೆ ಸಂಧ್ಯಾ, ಗರ್ಭಿಣಿ ಹೆಂಡತಿ ಇಂದು, ಕಮರೊಟ್ಟು ಎಂಬ ತುಳುನಾಡಿನ ಊರು. ತುಳುನಾಡಿನ ಊರಿಗೂ ಕೊಡಗಿಗೂ ಏನು ಸಂಬಂಧ ಎನ್ನುವವರು ಒಮ್ಮೆ ಸಂಪಾಜೆ ಘಾಟಿ ಇಳಿಯಲಿ. ಉಳಿದ ಕಥೆ ಹೇಳುವುದು ಶಾಸ್ತ್ರವಿರುದ್ಧ.

ಮೊದಲ ಪೂರ್ವಪಕ್ಷ ಒಕ್ಕವಾದಿಗಳದು, ಅಂದರೆ ಒಕ್ಕ (ಕೊಡವ ಮನೆತನ) ಕೇಳಿಯೇ ಮನುಷ್ಯನನ್ನು ಗುರುತಿಸುವವರದು. ಲೇಖಕನೊಬ್ಬ ಬಚ್ಚಿಟ್ಟುಕೊಳ್ಳುವುದೇ ಅಸಂಭವ ಎನ್ನುತ್ತಾರೆ ಇವರು. ಸಂಧ್ಯಾ ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ವಿಚಾರಿಸಿದ್ದರೆ ಸಾಕಿತ್ತಂತೆ. ‘ಅನಶ್ಕುವಾ? ಯಾವ ಮನೆಯವರು? ತಾಯಿಮನೆ ಎಲ್ಲಿ?’ ಎಂದು ಹೊರಟ ಮಾತು, ಕಾಫಿ ಮುಗಿಯುವುದರೊಳಗೆ ಅವನ ಅಜ್ಜನ ಕೋವಿಯವರೆಗೂ ಹೋಗುತ್ತಿತ್ತು. ಆಧಾರಕ್ಕೆ ಭಾರತೀಸುತರಿದ್ದಾರೆ. ‘ಎಡಕಲ್ಲು ಗುಡ್ಡದ ಮೇಲೆ’, ‘ಬಯಲುದಾರಿ’ ಬರೆದ ಆ ಕಾವ್ಯನಾಮದ ಹಿಂದೆ ನಾರಾಯಣ ರಾಯರಿದ್ದರೆಂದು ತಿಳಿಯಲು ಯಾವ ಪತ್ರಕರ್ತೆಯೂ ಕಾಡು ಅಲೆಯಬೇಕಾಗಲಿಲ್ಲ. ಆ ಎರಡೂ ಕಾದಂಬರಿಗಳನ್ನು ಸಿನಿಮಾದವರೇ ಹುಡುಕಿಕೊಂಡು ಬಂದರು.

ಇನ್ನು ತಿಥಿವಾದ. ಬಿಡುಗಡೆ ಜುಲೈ 3. ಸರಿಯಾಗಿ ತಿಂಗಳಿಗೆ ಆಗಸ್ಟ್ 3, ಕಕ್ಕಡ ಪದಿನೆಟ್ಟ್, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆಂಬ ನಂಬಿಕೆ. ಸೊಪ್ಪು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡಿ ಉಣ್ಣುತ್ತಾರೆ. ಉಂಡದ್ದಕ್ಕೆ ಸಾಕ್ಷಿ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೆಂಪಗೆ ಸಿಗುತ್ತದೆ. ಪತ್ತೇದಾರಿ ಕಥೆಯ ಲಕ್ಷಣವೂ ಇದೇ ತಾನೆ? ಇದನ್ನು ಕಾಕತಾಳೀಯವೆಂದ ವಿಮರ್ಶಕರೊಬ್ಬರಿಗೆ ಮರುವರ್ಷ ಪಾಯಸ ಬಡಿಸಲಿಲ್ಲ.

ನಾಮವಾದಿಗಳದು ಚಿಕ್ಕ ಪಂಥ. ನಾಯಕ ಗೌತಮ್ ಸುವರ್ಣ; ದೂರದರ್ಶನದಲ್ಲಿ ಬಂದ ‘ಗುಡ್ಡದ ಭೂತ’ ಧಾರಾವಾಹಿ ನಿರ್ದೇಶಿಸಿದವರು ಸದಾನಂದ ಸುವರ್ಣ; ಅದರ ‘ಡೆನ್ನಾನ ಡೆನ್ನಾನ’ ಹಾಡು ಈ ಚಿತ್ರದಲ್ಲೂ ಮೊಳಗುತ್ತದೆ. ಆದ್ದರಿಂದ ಕೊಲೆಗಾರ ದೂರದರ್ಶನವೇ ಎಂದು ಜಗಲಿಯೊಂದರಲ್ಲಿ ಮಂಡನೆಯಾಗಿದೆ. ಖಂಡಿಸಲು ಯಾರೂ ಎದ್ದಿಲ್ಲ. ಹೊರಗೆ ಅಷ್ಟು ಮಳೆ.

ಈಗ ಸಿದ್ಧಾಂತ. ಚಿತ್ರದ ಮುಕ್ಕಾಲು ಭಾಗ ಕತ್ತಲು, ಮಳೆ, ಬಾಗಿಲ ಸದ್ದು ಸೇರಿ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುತ್ತವೆ. ಕೊನೆಗೆ ಎಲ್ಲವನ್ನೂ ವಿವರಿಸಿಬಿಡುವ ಆತುರದಲ್ಲಿ ಆ ಚಳಿ ಬಿಡುತ್ತದೆ. ಗ್ರಂಥಸಂಪಾದನೆಯ ದೃಷ್ಟಿಯಿಂದ ನೋಡಿದರೆ ಕರೆಂಟು ಹೋಗುವವರೆಗಿನದೇ ಮೂಲಪಾಠ. ಮಿಕ್ಕದ್ದು ಬಯಲುಸೀಮೆಯವರು ಸೇರಿಸಿಕೊಂಡ ಪ್ರಕ್ಷಿಪ್ತ. ಅದನ್ನೂ ನೋಡಲೇಬೇಕೆಂದು ಹಟ ಹಿಡಿಯುವವರು ಮಳೆ ಹಿಡಿಯುವ ಮೊದಲೇ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಿಕೊಳ್ಳಿ.